ಸತ್ತ ಕುರಿಗೆ ಪುಟವಿಲ್ಲದ ಪುಸ್ತಕ

ಮಾನ್ಯ ಓದುಗರಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಇದುವರೆಗೆ ಬರೆದಿರುವುದೆಲ್ಲ ಅರ್ಜಿಗಳು ಮಾತ್ರ. ಮಡಕಶಿರಾದಲ್ಲಿ ನಮ್ಮ ಬೀದಿಯವರಿಗೆ ಪಿಂಚಣಿ, ಪಡಿತರ ಚೀಟಿ, ನಲ್ಲಿ ನೀರು ಮುಂತಾದ ವಿಷಯಗಳಿಗಾಗಿ ಮಂಡಲ ಕಚೇರಿಗೆ ಕಾಗದ ಬರೆದುಕೊಟ್ಟು ಪಳಗಿದ ಕೈ ಇದು. ಬಾಲ್ಯದ ಮನೆಯನ್ನು ಕುರಿತು ಬರೆಯಲು ಕುಳಿತಾಗಲೂ ಅದೇ ಶೈಲಿ ಮುಂದಾಗಿ ಬರುತ್ತಿದೆ. ಕಾಗುಣಿತದಲ್ಲಿ ಲೋಪಗಳು ಖಂಡಿತ ಇರುತ್ತವೆ; ಕೈಬರಹವಂತೂ ಹೇಳಿಕೊಳ್ಳುವಂತಿಲ್ಲ. ಕನ್ನಡ ಶಾಲೆಯಲ್ಲಿ ಕಲಿತು ತೆಲುಗು ಕಚೇರಿಗಳಿಗೆ ಬರೆದವಳಾದ್ದರಿಂದ ಅಕ್ಷರಗಳ ತಲೆಕಟ್ಟು ಅರ್ಧ ದಾರಿಯಲ್ಲಿ ತೆಲುಗಿನ ಕಡೆಗೆ ಹೊರಳಿಬಿಡುತ್ತದೆ. ದಯವಿಟ್ಟು ಮನ್ನಿಸಬೇಕು.

ಈ ಬರಹಕ್ಕೆ ಕಾರಣವೇನೆಂದರೆ, ನಮ್ಮ ಮಹಿಳಾ ಸಂಘದ ಕಿರಿಯ ಸದಸ್ಯೆಯರು ಈಚೆಗೆ ನನ್ನನ್ನು ಒಂದು ಪ್ರಶ್ನೆ ಕೇಳಿದರು. ದುಡಿದ ಹಣವನ್ನು ಉಳಿಸಿ ಬೆಳೆಸುವುದನ್ನು ಕಲಿಯಬೇಕು, ಅದಕ್ಕೆ ಯಾವ ಪುಸ್ತಕ ಒಳ್ಳೆಯದು, ಫೋನಿನಲ್ಲಿ ಯಾವ ಆ್ಯಪ್ ಹಾಕಿಕೊಳ್ಳಬೇಕು ಎಂದು. ಆ ಪ್ರಶ್ನೆಗೆ ಉತ್ತರ ಕೊಡಲು ನಾನು ರಾಯದುರ್ಗದ ನಮ್ಮ ಬಾಲ್ಯದ ಮನೆಯ ಪಡಸಾಲೆಗೆ ಹಿಂದಿರುಗಲೇಬೇಕಾಗಿದೆ.

ಸದರಿ ಮನೆಯು ಕೋಟೆ ಗುಡ್ಡದ ಬುಡದಲ್ಲಿ, ಮಧ್ಯಾಹ್ನವಾದರೆ ಬಂಡೆಗಳ ಕಾವೆಲ್ಲ ಗೋಡೆಗೆ ಇಳಿಯುವಂಥ ಜಾಗದಲ್ಲಿತ್ತು. ಮುಂದೆ ಪಡಸಾಲೆ, ನಡುವೆ ಒಂದು ಕೋಣೆ, ಹಿಂದೆ ಅಡುಗೆಮನೆ, ಮೇಲೆ ಏಣಿ ಹಾಕಿ ಹತ್ತಬೇಕಾದ ಅಟ್ಟ. ನಡುಕೋಣೆ ನನ್ನ ತಂದೆ ತಿಪ್ಪೇಸ್ವಾಮಿಯವರದು. ಅವರು ಗುತ್ತಿಗೆದಾರರೊಬ್ಬರಿಗೆ ಜೀನ್ಸ್ ಪ್ಯಾಂಟುಗಳನ್ನು ಪೀಸಿನ ಲೆಕ್ಕದಲ್ಲಿ ಹೊಲಿದುಕೊಡುತ್ತಿದ್ದರು. ನೀಲಿ ಬಟ್ಟೆಯ ನೂಲುಧೂಳು ನಮ್ಮ ಕುಡಿಯುವ ನೀರಿನ ಮೇಲೂ ತೇಲುತ್ತಿತ್ತು. ಅಡುಗೆಮನೆ ಅಮ್ಮನದು. ಅಮ್ಮ ಅಮರಾಪುರದ ಹತ್ತಿರದ ಹಳ್ಳಿಯವಳು, ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವ ಮನೆಯಿಂದ ಬಂದವಳು. ಪಡಸಾಲೆ ಮಾತ್ರ ತಂದೆಯ ಅಕ್ಕ ಹೊನ್ನೂರಮ್ಮನವರದು. ನಾನು ಅವರನ್ನು ಅತ್ತೆ ಎನ್ನುತ್ತಿದ್ದೆ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಕೆಲವೇ ಹೆಣ್ಣುಕುರಿಗಳನ್ನು ಹೊಡೆದುಕೊಂಡು ತವರಿಗೆ ಬಂದವರು. ಆ ಕುರಿಗಳು ಬೆಳೆದು ಹಿಂಡಾಗಿದ್ದವು. ಅವನ್ನು ಗುಮ್ಮಘಟ್ಟದ ಮಾರೆಪ್ಪ ಎಂಬ ಕುರಿಗಾರನಿಗೆ ಪಾಲಿಗೆ ಬಿಟ್ಟಿದ್ದರು. ಅಂದರೆ ಕುರಿ ಇವರದು, ಮೇಯಿಸುವುದು ಅವನದು, ಹುಟ್ಟಿದ ಮರಿಗಳಲ್ಲಿ ಅರ್ಧರ್ಧ.

ಪಾಲಿಗೆ ಬಿಟ್ಟ ಕುರಿ ಸತ್ತರೆ, ಅದು ನಿಜವಾಗಿ ಸತ್ತಿತೋ ಸಂತೆಯಲ್ಲಿ ಮಾರಿಹೋಯಿತೋ ಎಂಬ ಅನುಮಾನ ಬರಬಾರದಲ್ಲ. ಅದಕ್ಕೆ ನಮ್ಮಲ್ಲಿ ಒಂದು ಕ್ರಮವಿತ್ತು. ಮಾರೆಪ್ಪ ಸತ್ತ ಕುರಿಯ ಕಿವಿಯನ್ನು, ಗುರುತಿನ ಕಚ್ಚು ಕಾಣುವ ಹಾಗೆ ಕತ್ತರಿಸಿ, ಉಪ್ಪು ಸವರಿ ತಂದು ಒಪ್ಪಿಸುತ್ತಿದ್ದ. ಅತ್ತೆ ಅದನ್ನು ಬೆರಳಿನಿಂದ ಸವರಿ, ಇದು ಕುಂಟಿಯ ಮಗಳು, ಇದು ಮೊನ್ನೆ ಅವಳಿ ಹಾಕಿದ್ದು ಎಂದು ಗುರುತು ಹಿಡಿದು, ಒಣಗಿಸಿ, ದಾರಕ್ಕೆ ಪೋಣಿಸಿ, ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಗೆ ನೇತುಹಾಕುತ್ತಿದ್ದರು. ವರ್ಷ ತಿರುಗಿದಾಗ ದಾರಕ್ಕೆ ಒಂದು ಗಂಟು. ಅಮ್ಮನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಜೋಳದ ರೊಟ್ಟಿಯೋ ರಾಗಿ ಮುದ್ದೆಯೋ ಎಂಬ ಜಗಳ ದಿನವೂ ಇದ್ದದ್ದೇ; ಅತ್ತೆ ಶೇಂಗಾ ಎಂದರೆ ಅಮ್ಮ ಕಡ್ಲೆಕಾಯಿ ಎನ್ನುತ್ತಿದ್ದಳು. ಅವೆಲ್ಲ ಊಟ ಮುಗಿಯುವಷ್ಟರಲ್ಲಿ ಮುಗಿಯುತ್ತಿದ್ದವು. ಕಿವಿಯ ಸರದ ಜಗಳ ಮಾತ್ರ ಮುಗಿಯುತ್ತಿರಲಿಲ್ಲ.

“ಉಣ್ಣೋ ಕಡೆ ಸತ್ತಿದ್ದನ್ನ ಯಾಕೆ ನೇತಾಕ್ತೀರಕ್ಕ,” ಎಂದು ಅಮ್ಮ ಗೊಣಗುವಳು.

“ಮರೀಬಾರ್ದು ಅಂತ. ಉಣ್ಣಾಕ ದಿನಾ ಬರ್ತೀವಲ್ಲ,” ಎಂದು ಅತ್ತೆ ಉತ್ತರಿಸುವರು.

ಹೀಗಿರಲಾಗಿ, ಒಂದು ಬೇಸಗೆಯಲ್ಲಿ ಅತ್ತೆಯ ಮೊಣಕಾಲುಗಳು ಕೈಕೊಟ್ಟವು. ಹಿಂಡು ನೋಡಲು ಗುಮ್ಮಘಟ್ಟದ ಹೊಲಗಳಲ್ಲಿ ಅಲೆಯುವುದು ಅವರಿಂದ ಆಗದಾಯಿತು. ಒಡತಿ ಕಣ್ಣಿಟ್ಟು ನೋಡದ ಹಿಂಡು ಕರಗುತ್ತದೆಂದು ಅವರು ಬಲ್ಲರು. ಬಹುಪಾಲು ಕುರಿಗಳನ್ನು ಮಾರುವುದೆಂದು ತೀರ್ಮಾನವಾಯಿತು. ಆದರೆ ಬಂದ ಹಣವನ್ನು ಎಲ್ಲಿಡುವುದು? ಅವರಿಗೆ ಮಕ್ಕಳಿಲ್ಲ. ಆ ಹಣವೇ ಮುಂದಿನ ಅವರ ಅನ್ನ, ಔಷಧಿ, ಮತ್ತು ಯಾರ ಮುಂದೆಯೂ ಕೈಚಾಚದೆ ಪಡಸಾಲೆಯಲ್ಲಿ ಕುಳಿತುಕೊಳ್ಳುವ ಹಕ್ಕು. ಒಂದು ಸಲ ತಪ್ಪಿದರೆ ಇನ್ನೊಂದು ಹಿಂಡು ಕಟ್ಟುವಷ್ಟು ಆಯುಷ್ಯ ಉಳಿದಿರಲಿಲ್ಲ. ಮೊದಲು ಕೇಳಿದವರು ನನ್ನ ತಂದೆ. ಅವರ ಉದ್ದೇಶದಲ್ಲಿ ಕಪಟವಿರಲಿಲ್ಲ. ಆ ಹಣದಿಂದ ಸ್ವಂತ ಹೊಲಿಗೆ ಮಿಷನ್‌ಗಳನ್ನು ಹಾಕಿ, ಕೂಲಿ ಬಿಟ್ಟು ತಾವೇ ಮಾಲೀಕರಾಗಬೇಕು, ಅಕ್ಕನನ್ನು ಕೊನೆಯವರೆಗೆ ನೋಡಿಕೊಳ್ಳಬೇಕು ಎಂಬುದು ಅವರ ಆಸೆ. ಊಟದ ಹೊತ್ತಿನಲ್ಲಿ ಅದನ್ನು ಹೇಳಿದರು. ಅತ್ತೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

“ನೋಡ್ಕಳಾದು ಇರ್ಲಿ ತಿಪ್ಪಯ್ಯ. ವರ್ಷಕ್ಕ ಎಷ್ಟು ಸಾಯ್ತಾವ?”

“ಏನು ಸಾಯಾದು?”

“ನಿನ್ನ ಕೆಲಸದಾಗ. ವರ್ಷಕ್ಕ ಎಷ್ಟು ಸಾಯ್ತಾವ, ಅಷ್ಟು ಹೇಳು.”

“ಪ್ಯಾಂಟು ಸಾಯ್ತಾವೇನಕ್ಕ,” ಎಂದು ತಂದೆ ನಕ್ಕರು. “ಒಂದೂ ಇಲ್ಲ.”

ಅತ್ತೆ ತಟ್ಟೆ ಎತ್ತಿಕೊಂಡು ಪಡಸಾಲೆಗೆ ಹೋಗಿ ಅಲ್ಲೇ ಉಂಡರು. ತಂದೆಗೆ ಬಹಳ ನೋವಾಯಿತು. ಒಡಹುಟ್ಟಿದವನ ಮಾತಿಗೆ ಬೆಲೆಯಿಲ್ಲವೇ ಎಂದು ಅಮ್ಮನ ಮುಂದೆ ಹೇಳಿಕೊಂಡರು. ಅಂದಿನಿಂದ ಒಬ್ಬರು ಉಂಡೆದ್ದ ಮೇಲೆ ಇನ್ನೊಬ್ಬರು ಕೂರುವ ಪದ್ಧತಿ ಶುರುವಾಯಿತು. ಅಮ್ಮ ಎರಡು ಸಲ ಒಲೆ ಊದಬೇಕಾಯಿತು. ಮಾರನೆಯ ದಿನ ಅತ್ತೆ ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡರು.

“ಗಂಗವ್ವ, ನೀನು ಓದಾಕಿ. ರೊಕ್ಕ ಎಲ್ಲಿಟ್ರ ಹೆಂಗ ಇರತೈತಿ ಅಂತ ಬರೆದಿರೋ ಪುಸ್ತಕ ಹುಡಿಕ್ಕಂಡು ಬಾ. ಇಷ್ಟು ಮಂದಿ ಓದ್ಯಾರ. ಯಾರರ ಬರೆದಿರಬೇಕಲ್ಲ.”

ಜಗತ್ತಿನಲ್ಲಿ ಹಾಗೊಂದು ಪುಸ್ತಕವಿದೆ, ಅದನ್ನು ನಾನು ತರಬಲ್ಲೆ ಎಂದು ಒಬ್ಬ ದೊಡ್ಡವರು ನಂಬಿದ್ದು ನನಗೆ ಮೈ ಜುಮ್ಮೆನ್ನಿಸಿತು. ಮನೆಯಲ್ಲೇ ಇದ್ದ ಪಂಚಾಂಗದಿಂದ ಪ್ರಾರಂಭಿಸಿದೆ. ಯುಗಾದಿಯ ದಿನ ಓದುವಂತೆ ಅತ್ತೆಯ ರಾಶಿಯ ಆದಾಯ ಇಷ್ಟು, ವ್ಯಯ ಇಷ್ಟು ಎಂದು ಓದಿದೆ. ಅವರು ಮೆಚ್ಚಿಕೊಂಡರು. ಬರುವುದನ್ನೂ ಹೇಳಿದ್ದಾರೆ, ಹೋಗುವುದನ್ನೂ ಹೇಳಿದ್ದಾರೆ, ಪ್ರಾಮಾಣಿಕರು. ಆದರೆ ಎಲ್ಲಿಡಬೇಕೆಂದು ಹೇಳಿಲ್ಲ ಎಂದರು. ಆಮೇಲೆ ಗಣಿತದ ಪಠ್ಯಪುಸ್ತಕ. ಅದರಲ್ಲಿ ಒಬ್ಬನು ಇನ್ನೊಬ್ಬನಿಗೆ ಬಡ್ಡಿಗೆ ಹಣ ಕೊಡುವ ಲೆಕ್ಕವಿತ್ತು. ನಾನು ಬಿಡಿಸಿ ಉತ್ತರ ಹೇಳಿದೆ. ಅದು ಸರಿ, ತೆಗೆದುಕೊಂಡವನು ತಿರುಗಿ ಕೊಟ್ಟನೇ ಎಂದು ಅತ್ತೆ ಕೇಳಿದರು. ಪುಸ್ತಕದ ಕೊನೆಯ ಉತ್ತರಗಳ ಪುಟವನ್ನು ತೆರೆದು ನೋಡಿದೆ. ಅಲ್ಲಿ ಬರಿಯ ಅಂಕಿ ಇತ್ತು. ಗ್ರಂಥಾಲಯಕ್ಕೂ ಹೋದೆ. ಅಲ್ಲಿನವರು ನನ್ನಂಥ ಹುಡುಗಿಯ ಮಾತನ್ನು ಅಲಕ್ಷಿಸದೆ ಕನ್ನಡದ ಬೀರುವಿನ ಬೀಗ ತೆಗೆದು, ಮೊಣಕಾಲೂರಿ ಕೆಳಗಿನ ಸಾಲಿನವರೆಗೂ ಹುಡುಕಿದರು. ಕಥೆಗಳಿದ್ದವು, ಹರಿಕಥೆಗಳಿದ್ದವು, ಹಣದ ಪುಸ್ತಕವಿರಲಿಲ್ಲ. ಕೊನೆಗೆ ಅದು ದೊರೆತದ್ದು ಬಸ್ ನಿಲ್ದಾಣದ ಹೊರಗೆ, ಗೋಣಿಚೀಲ ಹಾಸಿ ಪುಸ್ತಕ ಮಾರುವವನ ಬಳಿ. ಅಡುಗೆ ಪುಸ್ತಕ, ಶಕುನದ ಪುಸ್ತಕಗಳ ನಡುವೆ ಅಂಗೈ ಅಗಲದ ಬಡ್ಡಿ ಕೋಷ್ಟಕ. ಅದರ ಜೊತೆಗೆ ಹೊದಿಕೆ ಹರಿದಿದ್ದ, ಅರ್ಜಿಗಳನ್ನು ಬರೆಯುವ ವಿಧಾನ ಕಲಿಸುವ ಇನ್ನೊಂದು ಪುಸ್ತಕವನ್ನು ಅವನು ಪುಕ್ಕಟೆ ಕೊಟ್ಟ. ನಾನು ಮುಂದೆ ಏನಾದೆನೋ ಅದರ ಅರ್ಧ ಭಾಗ ಆ ಹರಿದ ಹೊದಿಕೆಯೊಳಗಿತ್ತೆಂದು ಈಗ ಅನ್ನಿಸುತ್ತದೆ.

ಬಡ್ಡಿ ಕೋಷ್ಟಕದ ಮಾತುಗಳು ತೆಲುಗಿನವು, ಅಂಕಿಗಳು ಎಲ್ಲರವು. ಪಡಸಾಲೆಯ ಕಿಟಕಿಯ ಬೆಳಕಿನಲ್ಲಿ ಅದನ್ನು ತೆರೆದ ಕ್ಷಣವನ್ನು ವರ್ಣಿಸಲು ನನ್ನ ಬಳಿ ತಕ್ಕ ಪದಗಳಿಲ್ಲ. ಇಷ್ಟು ಹಣ, ಇಷ್ಟು ವರ್ಷ ಎಂದು ಸಾಲಿನ ಮೇಲೆ ಬೆರಳಿಟ್ಟು ಸರಿಸಿದರೆ ಅಂಕಿಯು ಕೋಷ್ಟಕದ ಪ್ರತಿ ಮನೆಯಲ್ಲೂ ತುಸು ದಪ್ಪವಾಗುತ್ತಿತ್ತು. ಕೆಳಗಿಳಿದಂತೆ ಬಡ್ಡಿಗೂ ಬಡ್ಡಿ ಹುಟ್ಟುತ್ತಿತ್ತು. ಅತ್ತೆ ಅದನ್ನು ತಕ್ಷಣ ಗ್ರಹಿಸಿದರು. ಮರಿ ದೊಡ್ಡದಾಗಿ ತಾನೂ ಮರಿ ಹಾಕುವುದು ಅವರಿಗೆ ಹೊಸದಲ್ಲ. ಆದರೆ ಯಾರೂ ಮೇಯಿಸದೆ, ನೀರು ಕುಡಿಸದೆ, ಹಟ್ಟಿಗೆ ಮುಳ್ಳು ಬಡಿಯದೆ, ಒಂದು ಕಾಗದದ ಮೇಲೆ ಹಿಂಡು ಬೆಳೆಯುತ್ತಿತ್ತು. ಇಬ್ಬರೂ ಉಸಿರು ಹಿಡಿದು ಕೊನೆಯ ಸಾಲಿನವರೆಗೆ ಹೋದೆವು. ಅತ್ತೆ ಪುಸ್ತಕವನ್ನು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ತಿರುಗಿಸಿ ಹಿಂದೆ ನೋಡಿದರು, ಮುಂದೆ ನೋಡಿದರು.

“ಸಾಯೋವು ಯಾವ ಪುಟದಾಗ ಅದಾವ?”

“ಇಲ್ಲ ಅತ್ತಿ. ಇಷ್ಟೇ ಐತಿ.”

“ಇಷ್ಟೇ ಹೆಂಗಿರತೈತಿ. ನೋಡು ಸರಿಯಾಗಿ.”

ನಾನು ಪುನಃ ಪುಟ ಪುಟವನ್ನೂ ಬಿಡಿಸಿ ನೋಡಿದೆ. ಸಾವಿಗೆ ಪುಟವಿರಲಿಲ್ಲ. ಆಗ ನಾವಿಬ್ಬರೂ ಒಂದು ತೀರ್ಮಾನಕ್ಕೆ ಬಂದೆವು: ಚಿಕ್ಕ ಪುಸ್ತಕ, ಜಾಗ ಸಾಲದೆ ಅಚ್ಚಿನವರು ಆ ಭಾಗವನ್ನು ಬಿಟ್ಟಿದ್ದಾರೆ. ಬಿಟ್ಟದ್ದನ್ನು ಸೇರಿಸಿಕೊಳ್ಳುವುದು ಓದುವವರ ಕೆಲಸ. ಅತ್ತೆ ಮೊಳೆಯಿಂದ ಕಿವಿಯ ಸರವನ್ನು ಇಳಿಸಿದರು. ಒಂದು ಗಂಟಿನಿಂದ ಇನ್ನೊಂದು ಗಂಟಿನವರೆಗೆ ಮುಟ್ಟಿ ಮುಟ್ಟಿ ಆಯಾ ವರ್ಷದ ಸಾವು ಹೇಳಿದರು. ತಂದೆಯ ಕೆಂಪು ಪೆನ್ಸಿಲಿನಿಂದ ನಾನು ಕೋಷ್ಟಕದ ಒಂದೊಂದು ಸಾಲಿನಿಂದಲೂ ಸತ್ತವುಗಳ ಬೆಲೆಯಷ್ಟು ಕಳೆಯುತ್ತಾ ಬಂದೆ. ನಾಲಿಗೆ ನೀಲಿಯಾಗುವ ರೋಗ ಬಂದಿದ್ದ ವರ್ಷದ ಸಾಲಿಗೆ ಬಂದಾಗ ಅತ್ತೆಯ ಧ್ವನಿ ಇಳಿಯಿತು. ಅಲ್ಲಿ ಕಿವಿಗಳು ಬಹಳ ಇದ್ದವು. ಲೆಕ್ಕ ಮುಗಿದಾಗ ಕೊನೆಯ ಸಾಲಿನ ಹಣವು ಮೊದಲಿಟ್ಟ ಹಣಕ್ಕಿಂತ ಕಡಿಮೆಯಾಗಿತ್ತು. ಅತ್ತೆ ಗೋಡೆಗೆ ಒರಗಿದರು. ಅಂಚೆ ಕಚೇರಿಯೂ ಬೇಡ, ಬ್ಯಾಂಕೂ ಬೇಡ, ಕುರಿಗಳು ಮಾರೆಪ್ಪನ ಬಳಿಯೇ ಕರಗಿ ಹೋಗಲಿ, ಕನಿಷ್ಠ ಅವನು ಕಿವಿ ತಂದು ಕೊಡುತ್ತಾನೆ ಎಂದರು.

ಇದನ್ನೆಲ್ಲ ಅಮ್ಮ ಬಾಗಿಲಲ್ಲಿ ನಿಂತು, ಮೊರದಲ್ಲಿ ರಾಗಿ ಕೇರುತ್ತಾ ನೋಡುತ್ತಿದ್ದಳು. ಸರ ನೆಲದ ಮೇಲಿತ್ತು. ಬೈಯುತ್ತಾಳೆಂದು ನಾನು ಅದನ್ನು ಸರಿಸಲು ಹೋದೆ. ಅವಳು ಮೊರವನ್ನು ಕೆಳಗಿಟ್ಟು ಬಂದು, ಮೊದಲ ಸಲ ಆ ಸರದ ಪಕ್ಕದಲ್ಲಿ ಕುಳಿತಳು.

“ನಮ್ಮನೇಲಿ ಹುಳ ಸತ್ರೆ ಹಿತ್ತಲಲ್ಲಿ ಗುಂಡಿ ತೋಡಿ ಮುಚ್ಚಾಕೋರು ಕಣಕ್ಕ. ಜ್ವರ ಬಂದು ಒಂದು ಬೆಳೆ ಪೂರ್ತಿ ಹೋದ್ರೂ ನಮ್ಮಪ್ಪ ಬಾಯಿ ಬಿಡ್ತಿರ್ಲಿಲ್ಲ. ಗೂಡು ಮಾರಿದ ದಿನ ಮಾತ್ರ ಊರಿಗೆಲ್ಲ ಹೇಳೋರು. ರೇಷ್ಮೆ ಅಂದ್ರೆ ಬರೀ ಬರೋದೇ ಅಂದ್ಕಂಡು ಬೆಳೆದ್ವಿ ನಾವು. ಆಮೇಲೆ ನಮ್ಮಣ್ಣ ಅದನ್ನೇ ನಂಬ್ಕಂಡು ಇದ್ದಬದ್ದದ್ದೆಲ್ಲ ಅದರ ಮೇಲೆ ಹಾಕ್ದ.” ಅವಳು ಸರದ ಒಂದು ಗಂಟನ್ನು ಬೆರಳಿನಿಂದ ಮುಟ್ಟಿದಳು. “ನೀವು ಕೇಳಾದು ಸರಿಯಾಗೈತೆ. ಪುಸ್ತಕಾನ ಯಾಕೆ ಕೇಳ್ತೀರಿ. ಪೋಸ್ಟಾಪೀಸಿಗೇ ಹೋಗಿ ಕೇಳಾನ ನಡೀರಿ.”

ಅಮ್ಮ ಅತ್ತೆಯ ಪಕ್ಷ ವಹಿಸಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಪೆಟ್ಟಿಗೆಯಿಂದ ಒಳ್ಳೆಯ ಸೀರೆ ತೆಗೆದು ತಾನೂ ಉಟ್ಟಳು, ಅತ್ತೆಗೂ ಉಡಿಸಿದಳು. ಅತ್ತೆಯ ಒಂದು ಕೈ ಅಮ್ಮನ ಭುಜದ ಮೇಲೆ, ಇನ್ನೊಂದು ನನ್ನ ಭುಜದ ಮೇಲೆ. ಹೀಗೆ ನಾವು ಮೂವರು ಅಂಚೆ ಕಚೇರಿಗೆ ಹಾಜರಾದೆವು. ಮೊಹರು ಬೀಳುವ ಸದ್ದು, ಅರಗಿನ ವಾಸನೆ, ಸರಳುಗಳ ಹಿಂದೆ ತಕ್ಕಡಿ. ಗುಡಿಯಲ್ಲಿ ನಿಂತ ಹಾಗೆ ನಿಂತೆವು. ಸರದಿ ಬಂದಾಗ ಅತ್ತೆ ಬಡ್ಡಿ ಕೋಷ್ಟಕವನ್ನು ಕಿಂಡಿಯೊಳಗೆ ಸರಿಸಿ, ಇಲ್ಲಿ ರೊಕ್ಕ ಇಟ್ಟರೆ ವರ್ಷಕ್ಕೆ ಎಷ್ಟು ಸಾಯುತ್ತವೆ ಎಂದು ಕೇಳಿದರು. ಹಿಂದಿದ್ದವರು ನಕ್ಕರು. ಪೋಸ್ಟ್ ಮಾಸ್ತರು ನಗಲಿಲ್ಲ. ನನ್ನ ಕೆಂಪು ಗೀಟುಗಳನ್ನು ಬಹಳ ಹೊತ್ತು ನೋಡಿದರು. ಇದು ಯಾವ ಲೆಕ್ಕ ಎಂದು ಕೇಳಿ, ಕಿವಿಯ ಕ್ರಮವನ್ನು ಅಮ್ಮನಿಂದ ಪೂರ್ತಿ ತಿಳಿದುಕೊಂಡರು. ಅತ್ತೆಯನ್ನು ಒಳಗೆ ಕರೆದು ಸ್ಟೂಲಿನ ಮೇಲೆ ಕೂರಿಸಿದರು.

“ಇಲ್ಲಿ ಸಾಯಂಗಿಲ್ರಿ ಅಮ್ಮ,” ಎಂದರು. “ಆದ್ರ ಬಡಕಲಾಗ್ತಾವ.”

“ಹಂಗಂದ್ರ?”

“ಈಗ ಇಷ್ಟು ರೊಕ್ಕಕ್ಕ ಒಂದು ಚೀಲ ಜ್ವಾಳ ಬರ್ತಾವ ಅನ್ರಿ. ನಾಕು ವರ್ಷ ಬಿಟ್ಟು ಅದೇ ರೊಕ್ಕ ತಗಂಡು ಹೋದ್ರ ಚೀಲ ತುಂಬಂಗಿಲ್ಲ. ರೊಕ್ಕ ಅಷ್ಟೇ ಇರತೈತಿ, ಮೈ ಇಳಿದಿರತೈತಿ. ನಾವು ಕೊಡೋ ಬಡ್ಡಿ ಮೇವು ಇದ್ದಂಗ. ಮೇವು ಹಾಕ್ತೀವಿ, ಜೀವ ಹಿಡಕಂಡಿರ್ತಾವ. ಕೊಬ್ಬಂಗಿಲ್ಲ.”

“ಬಡಕಲಾಗಿದ್ದು ನನಗ ಹೆಂಗ ಗೊತ್ತಾಗಬೇಕು? ಯಾರು ತಂದು ತೋರಿಸ್ತಾರ?”

ಅವರು ಕೋಷ್ಟಕವನ್ನು ಅತ್ತೆಯ ಕೈಗೆ ತಿರುಗಿ ಕೊಟ್ಟರು.

“ಪಾಸ್‌ಬುಕ್ಕಿನಾಗ ಕಾಣಂಗಿಲ್ರಿ. ಸಂತ್ಯಾಗ ಕಾಣತೈತಿ. ಜ್ವಾಳದ ರೇಟು ಕೇಳ್ಕಂತ ಇರ್ರಿ.”

ಅತ್ತೆಯ ಮುಖದಲ್ಲಿ ಆಗ ಕಂಡ ಬೆರಗನ್ನು ನಾನು ಅನಂತರ ಯಾವ ದೇವಸ್ಥಾನದಲ್ಲಿಯೂ ಯಾರ ಮುಖದಲ್ಲಿಯೂ ಕಂಡಿಲ್ಲ. ಸಾಯದ ಕುರಿ ಉಂಟೆಂಬುದು ಒಂದು ಬೆರಗು; ಅದನ್ನು ಕಾಯುವವನೇ ಅದರ ಕುಂದನ್ನು ಬಾಯಿಬಿಟ್ಟು ಹೇಳಿದನೆಂಬುದು ಅದಕ್ಕಿಂತ ದೊಡ್ಡ ಬೆರಗು. ಮನೆಗೆ ಬಂದು ಕೆಂಪು ಗೀಟುಗಳನ್ನು ಅಳಿಸಲೇ ಎಂದು ಕೇಳಿದೆ. ಬೇಡ, ಕೆಳಗೆ ಒಂದು ಮಾತು ಬರೆ ಎಂದರು. ಸಾಯುವುದಿಲ್ಲ, ಬಡಕಲಾಗುತ್ತವೆ ಎಂದು ಬರೆದೆ. ಈಗ ಪುಸ್ತಕ ಪೂರ್ತಿಯಾಯಿತು ಎಂದರು.

ಅಂದು ಸಂಜೆ ಅಮ್ಮ ಇದನ್ನೆಲ್ಲ ತಂದೆಗೆ ಬಡಿಸುತ್ತಾ ಹೇಳಿದಳು. ತಂದೆ ತಲೆಯೆತ್ತದೆ ಉಂಡರು. ಮರುದಿನ ಬೆಳಗ್ಗೆ ಅಟ್ಟಕ್ಕೆ ಏಣಿ ಹಾಕುವ ಸದ್ದಾಯಿತು. ತಂದೆ ಒಂದು ದೊಡ್ಡ ಗಂಟನ್ನು ಹೊತ್ತು ಇಳಿದು, ಪಡಸಾಲೆಯಲ್ಲಿ ಅತ್ತೆಯ ಮುಂದೆ ಇಟ್ಟು ಬಿಚ್ಚಿದರು. ಎಲ್ಲ ಪ್ಯಾಂಟುಗಳು. ಗುತ್ತಿಗೆದಾರರು ತಿರಸ್ಕರಿಸಿ ವಾಪಸು ಕೊಟ್ಟು, ಕೂಲಿಯಲ್ಲಿ ಬಟ್ಟೆಯ ಬೆಲೆ ಹಿಡಿದುಕೊಂಡಿದ್ದ ಪೀಸುಗಳು. ಅಂಥವು ಇವೆಯೆಂದು ಅಮ್ಮನಿಗೂ ಗೊತ್ತಿರಲಿಲ್ಲ. ತಂದೆ ಒಂದೊಂದನ್ನೇ ಎತ್ತಿ ಅಕ್ಕನ ತೊಡೆಯ ಮೇಲೆ ಇಟ್ಟರು.

“ಇವು ನನ್ನ ಕಿವಿ ಅಕ್ಕ. ಇದು ಜಿಪ್ಪು ಸೊಟ್ಟ ಕೂತಿದ್ದು, ನನ್ನ ಕೈತಪ್ಪು. ಇದು ಬಣ್ಣ ಬಿಟ್ಟಿದ್ದು, ನನ್ನ ತಪ್ಪಲ್ಲ, ಆದ್ರೂ ಕೂಲಿ ಹೋತು. ಇವು ಆರ್ಡರೇ ನಿಂತುಹೋದವು. ಮಳೆಗಾಲದಾಗ ಕೆಲಸಾನೇ ಇರಂಗಿಲ್ಲ, ಅದಕ್ಕ ತೋರಿಸಾಕ ಏನೂ ಇಲ್ಲ.”

ಅತ್ತೆ ಕಿವಿಯನ್ನು ಸವರುತ್ತಿದ್ದ ಹಾಗೆಯೇ ಒಂದೊಂದು ಹೊಲಿಗೆಯನ್ನೂ ಬೆರಳಿನಿಂದ ಸವರಿದರು.

“ಮೊನ್ನೆ ಯಾಕ ಒಂದೂ ಇಲ್ಲ ಅಂದಿ?”

“ಅದಾವ ಅಂದ್ರ ನೀನು ಕೊಡಂಗಿಲ್ಲ ಅಂದ್ಕಂಡೆ.”

“ಇಲ್ಲ ಅಂದಿದ್ದಕ್ಕ ಕೊಡಲಿಲ್ಲೋ ತಿಪ್ಪಯ್ಯ.”

ಅಂದು ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಕುಳಿತು ಉಂಡೆವು. ಅಮ್ಮ ಯಾರೂ ಕೇಳದೆ ರೊಟ್ಟಿಯನ್ನೂ ಮಾಡಿದ್ದಳು, ಮುದ್ದೆಯನ್ನೂ ಮಾಡಿದ್ದಳು. ಕುರಿ ಮಾರಿದ ಹಣದ ದೊಡ್ಡ ಭಾಗವನ್ನು ಅತ್ತೆ ತಮ್ಮ ಹೆಸರಿನಲ್ಲೇ ಅಂಚೆ ಕಚೇರಿಯಲ್ಲಿಟ್ಟರು. ಅಲ್ಲಿನವು ಬಡಕಲಾದಾಗ ಇವು ಕೊಬ್ಬಲಿ ಎಂದು ಕೆಲವು ಹೆಣ್ಣುಕುರಿಗಳನ್ನು ಮಾರೆಪ್ಪನ ಬಳಿಯೇ ಉಳಿಸಿದರು. ತಂದೆ ಕೇಳಿದಷ್ಟು ಮಿಷನ್‌ಗಳನ್ನು ಕೊಡಿಸಲಿಲ್ಲ, ಒಂದನ್ನು ಕೊಡಿಸಿದರು. ಅದನ್ನು ಕೊಟ್ಟ ರೀತಿ ರಾಯದುರ್ಗದಲ್ಲಿ ಹಿಂದೆಂದೂ ಯಾರೂ ಕೇಳಿರದಂಥದ್ದು: ತಮ್ಮನಿಗೆ ಮಿಷನನ್ನು ಪಾಲಿಗೆ ಬಿಟ್ಟರು. ಮಿಷನ್ ಇವರದು, ಹೊಲಿಯುವುದು ತಮ್ಮನದು, ಬಂದದ್ದರಲ್ಲಿ ಅರ್ಧರ್ಧ. ಕೆಟ್ಟ ಪೀಸು ಅಟ್ಟಕ್ಕೆ ಹೋಗಕೂಡದು, ವಾರದ ಕೊನೆಗೆ ಪಡಸಾಲೆಗೆ ಬರಬೇಕು. ತಂದೆ ಅದನ್ನು ತಪ್ಪಿಸಲಿಲ್ಲ. ಕೆಟ್ಟ ಪ್ಯಾಂಟಿನ ಸೊಂಟದ ಪಟ್ಟಿಯಿಂದ ತುಂಡೊಂದನ್ನು ಕತ್ತರಿಸಿ ಅತ್ತೆ ಅದೇ ದಾರಕ್ಕೆ ಪೋಣಿಸುತ್ತಿದ್ದರು. ಒಣಗಿದ ಕಿವಿಗಳ ನಡುವೆ ನೀಲಿ ತುಂಡುಗಳು ಸೇರುತ್ತಾ ಹೋದವು. ಕಾಲಕ್ರಮದಲ್ಲಿ ಅತ್ತೆ ಅದೇ ಪಡಸಾಲೆಯಲ್ಲಿ, ಯಾರ ಮುಂದೆಯೂ ಕೈಚಾಚದೆ ತೀರಿಕೊಂಡರು. ಮೊಳೆಯಿಂದ ಆ ಸರವನ್ನು ತೆಗೆಯಲು ಅಮ್ಮ ಒಪ್ಪಲಿಲ್ಲ.

ಆದ್ದರಿಂದ ಸಂಘದ ಸದಸ್ಯೆಯರ ಪ್ರಶ್ನೆಗೆ ನನ್ನ ಉತ್ತರ ಇಷ್ಟು. ಹಣದ ವಿಷಯದ ಪುಸ್ತಕಗಳು ಈಗ ಬೇಕಾದಷ್ಟಿವೆ, ಕನ್ನಡದಲ್ಲಿಯೂ ಇವೆ. ಅಂದು ನಾವು ಕೆಂಪು ಪೆನ್ಸಿಲಿನಲ್ಲಿ ಕಷ್ಟಪಟ್ಟು ಮಾಡಿದ ಲೆಕ್ಕವನ್ನು ಫೋನು ಬೆರಳು ಮುಟ್ಟಿಸಿದೊಡನೆ ಮಾಡಿ ತೋರಿಸುತ್ತದೆ. ಇಂದಿಗೂ ಅದನ್ನು ನೋಡುವಾಗ ನನ್ನ ಉಸಿರು ಒಂದು ಕ್ಷಣ ನಿಲ್ಲುತ್ತದೆ. ಆದರೆ ಯಾವುದನ್ನೇ ಕೈಗೆತ್ತಿಕೊಂಡರೂ ನಾನು ಮೊದಲು ಹುಡುಕುವುದು ಸಾಯುವವುಗಳ ಪುಟವನ್ನು. ಕೆಲವರು ಅದನ್ನು ಮುಚ್ಚುಮರೆಯಿಲ್ಲದೆ ಬರೆದಿರುತ್ತಾರೆ. ಅಂಥ ಪುಸ್ತಕವನ್ನು ಮೊದಲಿನಿಂದ ಓದುತ್ತೇನೆ. ಕೆಲವು ಜಾಹೀರಾತುಗಳಲ್ಲಿ ಕೊನೆಗೆ ನಷ್ಟದ ಆ ಮಾತನ್ನು ಉಸಿರು ಬಿಡದೆ ಓಡಿಸಿ ಹೇಳುತ್ತಾರೆ, ಕಿವಿಯನ್ನು ತೋರಿಸಿದಂತೆ ಮಾಡಿ ಮುಷ್ಟಿಯೊಳಗೆ ಮುಚ್ಚಿಕೊಳ್ಳುವ ಹಾಗೆ. ಒಂದೂ ಸಾಯುವುದಿಲ್ಲ ಎನ್ನುವವರು ಬಂದರೆ, ಅತ್ತೆಯ ಹಾಗೆ ತಟ್ಟೆ ಎತ್ತಿಕೊಂಡು ಬೇರೆ ಕಡೆ ಹೋಗಿ ಕೂರುತ್ತೇನೆ.

ಕೊನೆಯದಾಗಿ ತಮ್ಮಲ್ಲಿ ಒಂದು ವಿನಂತಿ. ಇಷ್ಟುದ್ದದ ಬರಹವನ್ನು ನಾನು ಇದೇ ಮೊದಲ ಸಲ ತಮ್ಮ ಪಾಲಿಗೆ ಬಿಡುತ್ತಿದ್ದೇನೆ. ದಾರಿಯಲ್ಲಿ ಅಲ್ಲಲ್ಲಿ ಅಕ್ಷರಗಳು, ವಾಕ್ಯಗಳು ಸತ್ತಿರಬಹುದು. ಕಂಡ ತಪ್ಪನ್ನು ದಾಕ್ಷಿಣ್ಯಕ್ಕಾಗಿ ಮುಚ್ಚಿಡದೆ, ಗುರುತು ಹಾಕಿ ನನಗೆ ತಂದು ತೋರಿಸಬೇಕಾಗಿ ಪ್ರಾರ್ಥನೆ. ಅದಕ್ಕಾಗಿ ಒಂದು ದಾರವನ್ನು ಈಗಾಗಲೇ ಮೊಳೆಗೆ ಕಟ್ಟಿಟ್ಟಿದ್ದೇನೆ.